ಚೌಕ ಮೊದಲು, ಚಿತ್ರ ಆಮೇಲೆ: ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳಿಗೆ ನಕ್ಷೆ ಮಾಡುವ ಬಗೆ

ಒಂದು ಲೆಕ್ಕದಿಂದ ಶುರು ಮಾಡೋಣ. ನೆಲಮಾಳಿಗೆಯೊಂದರ ನಕ್ಷೆ ಇದೆ. ಅದರ ಅಗಲ 28 ಚೌಕ, ಚಿತ್ರದ ಅಗಲ 2000 ಪಿಕ್ಸೆಲ್. ಇದನ್ನು ರೋಲ್20 ಎಂಬ ವರ್ಚುವಲ್ ಟೇಬಲ್‌ಟಾಪ್‌ಗೆ, ಅಂದರೆ ದೂರದೂರ ಇರುವ ಆಟಗಾರರು ಒಂದೇ ನಕ್ಷೆಯ ಮೇಲೆ ಆಡುವ ಆನ್‌ಲೈನ್ ವೇದಿಕೆಗೆ ಏರಿಸಿ, ಮೂಲ ಗಾತ್ರದಲ್ಲೇ ಅಲ್ಲಿನ ರೂಢಿಯ 70 ಪಿಕ್ಸೆಲ್ ಗ್ರಿಡ್ ಮೇಲೆ ಕೂರಿಸುತ್ತೇವೆ. ಎಡತುದಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಲಕ್ಕೆ ಹೋದಂತೆಲ್ಲ ಗೋಡೆಗಳು ಗ್ರಿಡ್ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಜಾರುತ್ತವೆ. ಕೊನೆಗೆ ಬಾಗಿಲಲ್ಲಿ ನಿಲ್ಲಬೇಕಾದ ಟೋಕನ್, ಅಂದರೆ ಪಾತ್ರವನ್ನು ಸೂಚಿಸುವ ಬಿಲ್ಲೆ, ಗೋಡೆಯೊಳಗೆ ನಿಂತಿರುತ್ತದೆ. 2000ವನ್ನು 28ರಿಂದ ಭಾಗಿಸಿದರೆ 71.43. ಚೌಕಕ್ಕೆ ಒಂದೂವರೆ ಪಿಕ್ಸೆಲ್ಲಿಗಿಂತ ಕಡಿಮೆ ವ್ಯತ್ಯಾಸ, ಆದರೆ 28 ಚೌಕ ದಾಟುವಷ್ಟರಲ್ಲಿ ಅದು 40 ಪಿಕ್ಸೆಲ್ ಆಗುತ್ತದೆ, ಅರ್ಧ ಚೌಕಕ್ಕೂ ಮಿಗಿಲು. ಇದೇ ಚಿತ್ರವನ್ನು ಏರಿಸುವ ಮೊದಲು 1960 ಪಿಕ್ಸೆಲ್ ಅಗಲಕ್ಕೆ ಇಳಿಸಿದ್ದರೆ ತೊಂದರೆಯೇ ಇರಲಿಲ್ಲ.

ಈ ಒಂದು ಉದಾಹರಣೆಯಲ್ಲಿ ಇವತ್ತಿನ ವಿಷಯದ ತಿರುಳಿದೆ. ಆನ್‌ಲೈನ್ ಆಟದ ನಕ್ಷೆ ಎಂದರೆ ಒಂದರ ಮೇಲೊಂದು ಕೂತ ಎರಡು ವಸ್ತು. ಮೇಲಿರುವುದು ಕಣ್ಣಿಗೆ ಕಾಣುವ ಚಿತ್ರ. ಅದರಡಿ ಇರುವುದು ಕಾಣದ ಅಳತೆ: ಚೌಕದ ಗೆರೆ, ನೋಟ ತಡೆಯುವ ಗೋಡೆ, ಬಾಗಿಲಿನ ಜಾಗ, ದೀಪದ ವ್ಯಾಪ್ತಿ. ಮೇಜಿನ ಮೇಲೆ ಕಾಗದ ಹಾಸಿ ಆಡುವಾಗ ಗೆರೆ ಒಂದಿಷ್ಟು ಆಚೀಚೆ ಆದರೂ ಕೂತವರು ಮನಸ್ಸಿನಲ್ಲೇ ಸರಿಪಡಿಸಿಕೊಳ್ಳುತ್ತಾರೆ. ಸಾಫ್ಟ್‌ವೇರ್‌ಗೆ ಆ ಔದಾರ್ಯ ಇಲ್ಲ. ನಕ್ಷೆಗಳು ಆಟದಲ್ಲಿ ಕೈಕೊಡುವುದು ಬಹುಪಾಲು ಈ ಎರಡರ ತಾಳ ತಪ್ಪಿದಾಗ. ಹಾಗಾಗಿ ಯಾವ ಉಪಕರಣ ಕೊಳ್ಳಬೇಕು ಎಂಬ ಪ್ರಶ್ನೆಗೆ ಮೊದಲು ಎರಡು ಸಂಖ್ಯೆ ತೀರ್ಮಾನವಾಗಬೇಕು: ನಕ್ಷೆಗೆ ಎಷ್ಟು ಚೌಕ, ಚೌಕಕ್ಕೆ ಎಷ್ಟು ಪಿಕ್ಸೆಲ್.

ಚೌಕದ ಎಣಿಕೆಯನ್ನು ಆಟದ ನಿಯಮವೇ ಹೇಳಿಕೊಡುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. ಒಂದು ಚೌಕ ಎಂದರೆ 5 ಅಡಿ. ಮನುಷ್ಯ ಗಾತ್ರದ ಪಾತ್ರಕ್ಕೆ ಒಂದು ಚೌಕ, ದೊಡ್ಡ ಜೀವಿಗೆ 2×2, ಅದಕ್ಕೂ ದೊಡ್ಡದಕ್ಕೆ 3×3. ಸಾಮಾನ್ಯ ಪಾತ್ರ ಒಂದು ಸರದಿಯಲ್ಲಿ 30 ಅಡಿ, ಅಂದರೆ 6 ಚೌಕ ನಡೆಯುತ್ತದೆ. 6×6ರ ಕೋಣೆಯಲ್ಲಿ ಕಾಳಗ ಇಟ್ಟರೆ ಯಾರು ಎಲ್ಲಿ ನಿಂತರೂ ಒಂದೇ ಸರದಿಯಲ್ಲಿ ಎದುರಾಳಿಯ ಪಕ್ಕಕ್ಕೆ ಬಂದುಬಿಡುತ್ತಾರೆ. ಜಾಗ ಆರಿಸಿಕೊಳ್ಳುವುದಕ್ಕೆ ಬೆಲೆಯೇ ಉಳಿಯುವುದಿಲ್ಲ. 20 ಅಡಿ ತ್ರಿಜ್ಯದ ಫೈರ್‌ಬಾಲ್ ಮಂತ್ರ 8 ಚೌಕ ಅಗಲಕ್ಕೆ ಹರಡುತ್ತದೆ, ಆ ಕೋಣೆಯನ್ನು ಇಡಿಯಾಗಿ ನುಂಗುತ್ತದೆ. ಓಣಿಗಳ ವಿಷಯವೂ ಇಷ್ಟೇ. ಒಂದು ಚೌಕದ ಓಣಿ ಚಿತ್ರದಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಆಟದಲ್ಲಿ ಐದು ಜನ ಸಾಲುಗಟ್ಟಿ ನಿಂತು, ಮುಂದಿರುವ ಒಬ್ಬರಷ್ಟೇ ಹೋರಾಡುತ್ತಾರೆ, ಉಳಿದವರು ಸರದಿ ಬಿಟ್ಟುಕೊಡುತ್ತ ಕೂರುತ್ತಾರೆ. ಇಕ್ಕಟ್ಟು ಬೇಕೆಂದೇ ಇಟ್ಟಿದ್ದರೆ ಸರಿ, ಇಲ್ಲದಿದ್ದರೆ ಓಣಿಗೆ ಎರಡು ಚೌಕ ಕೊಡಿ. 2×2ರ ಜೀವಿ ಬರಬೇಕಾದ ಕೋಣೆಗೆ ಒಂದು ಚೌಕದ ಬಾಗಿಲು ಇಟ್ಟಿಲ್ಲ ತಾನೆ ಎಂದೂ ನೋಡಿಕೊಳ್ಳಿ.

ಈ ಲೆಕ್ಕ ಹಾಕಿದರೆ 30×40 ಚೌಕ, ಅಂದರೆ 150×200 ಅಡಿ, ಬಹಳಷ್ಟು ಕಾಳಗಗಳಿಗೆ ಸಾಕು. ಅದಕ್ಕಿಂತ ದೊಡ್ಡದು ಬೇಕೆನಿಸಿದಾಗ ಒಂದೇ ಬೃಹತ್ ನಕ್ಷೆಗಿಂತ ಎರಡು ದೃಶ್ಯಗಳಾಗಿ ಒಡೆಯುವುದು ಎಷ್ಟೋ ಮೇಲು. ಯಾಕೆ ಎಂಬುದಕ್ಕೆ ಉತ್ತರ ಎರಡನೇ ಸಂಖ್ಯೆಯಲ್ಲಿದೆ.

ಚಿತ್ರದ ಕಡತ ಡಿಸ್ಕಿನಲ್ಲಿ ಎಷ್ಟೇ ಚಿಕ್ಕದಿರಲಿ, ಪರದೆಗೆ ಬರುವಾಗ ಅದು ಬಿಚ್ಚಿಕೊಂಡು ಗ್ರಾಫಿಕ್ಸ್ ಮೆಮೊರಿಯಲ್ಲಿ ಪಿಕ್ಸೆಲ್ಲಿಗೆ 4 ಬೈಟ್‌ನಂತೆ ಜಾಗ ಹಿಡಿಯುತ್ತದೆ. 30×40ರ ನಕ್ಷೆಯನ್ನು ಚೌಕಕ್ಕೆ 100 ಪಿಕ್ಸೆಲ್‌ನಂತೆ ಮಾಡಿದರೆ 3000×4000, ಸುಮಾರು 48 ಎಂಬಿ. 140ರಂತೆ ಮಾಡಿದರೆ 4200×5600, ಸುಮಾರು 94 ಎಂಬಿ. ಮುದ್ರಣದ ಅಭ್ಯಾಸದಲ್ಲಿ ಚೌಕಕ್ಕೆ ಒಂದು ಇಂಚು, ಇಂಚಿಗೆ 300 ಪಿಕ್ಸೆಲ್ ಎಂದು ಇಟ್ಟುಬಿಟ್ಟರೆ 9000×12000, ಅಂದರೆ 432 ಎಂಬಿ. ಆಟಗಾರರಲ್ಲಿ ಒಬ್ಬರ ಬಳಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅವರಿಗೆ ಪರದೆ ಕಪ್ಪಾಗಿ ಕಾಣುತ್ತದೆ ಅಥವಾ ಬ್ರೌಸರ್ ಟ್ಯಾಬ್ ಸತ್ತುಹೋಗುತ್ತದೆ. ಮೆಮೊರಿ ಇದ್ದರೂ ಇನ್ನೊಂದು ಮಿತಿ ಇದೆ: ಒಂದು ಚಿತ್ರದ ಒಂದು ಬದಿ ಎಷ್ಟು ಉದ್ದವಿರಬಹುದು ಎಂಬುದು. 8192 ಪಿಕ್ಸೆಲ್ ದಾಟದಿರುವುದು ಕ್ಷೇಮ. ಹಳೆಯ ಚಿಪ್‌ಗಳು ಮತ್ತು ಕೆಲವು ಫೋನ್, ಟ್ಯಾಬ್ಲೆಟ್‌ಗಳು 4096ಕ್ಕೇ ನಿಲ್ಲಬಹುದು. ಚೌಕಕ್ಕೆ 100ರಂತೆ ಮಾಡಿದ 30×40ರ ನಕ್ಷೆ ಈ ಚಿಕ್ಕ ಮಿತಿಯೊಳಗೂ ಕೂರುತ್ತದೆ. ರೋಲ್20ಯಂಥದ್ದೇ ಇನ್ನೊಂದು ವರ್ಚುವಲ್ ಟೇಬಲ್‌ಟಾಪ್ (ವಿಟಿಟಿ) ಆದ ಫೌಂಡ್ರಿ ವಿಟಿಟಿಯ ರೂಢಿಯ ಅಳತೆಯೂ 100 ಪಿಕ್ಸೆಲ್ಲೇ.

100 ಸಾಕೇ, ಮಸುಕಾಗುವುದಿಲ್ಲವೇ ಎಂಬ ಅನುಮಾನ ಸಹಜ. ಸಾಮಾನ್ಯ ಪರದೆ 1920 ಪಿಕ್ಸೆಲ್ ಅಗಲ. ಆಡುವಾಗ ಅಡ್ಡಕ್ಕೆ 20 ಚೌಕ ಕಾಣುವಂತೆ ಇಟ್ಟುಕೊಂಡರೆ ಒಂದು ಚೌಕಕ್ಕೆ ಸಿಗುವುದು 96 ಪಿಕ್ಸೆಲ್. ಅದಕ್ಕಿಂತ ಹೆಚ್ಚಿನ ವಿವರ ತುಂಬಿದರೂ ಪರದೆ ಅದನ್ನು ತೋರಿಸುವುದೇ ಇಲ್ಲ. 25×25ರಂಥ ಚಿಕ್ಕ ನಕ್ಷೆಗೆ 140 ಇಡಬಹುದು, 3500 ಪಿಕ್ಸೆಲ್ಲಿಗೆ ಮುಗಿಯುತ್ತದೆ. 140 ಎಂದರೆ 70ರ ಎರಡರಷ್ಟು ಆದ್ದರಿಂದ ರೋಲ್20ಯಲ್ಲೂ ಅದು ಚೊಕ್ಕವಾಗಿ ಹೊಂದುತ್ತದೆ.

ಕಡತದ ಮಾದರಿ ವೆಬ್‌ಪಿ ಇರಲಿ, ಗುಣಮಟ್ಟ 80ರಿಂದ 85. ಕಲ್ಲು, ಹುಲ್ಲು, ಮರದ ಹಲಗೆಯಂಥ ಒರಟು ಮೇಲ್ಮೈ ತುಂಬಿದ ಚಿತ್ರಕ್ಕೆ ಪಿಎನ್‌ಜಿ ಹಲವು ಪಟ್ಟು ಭಾರವಾಗುತ್ತದೆ, ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೇಪೆಗ್ ಹಗುರ, ಆದರೆ ಅದರಲ್ಲಿ ಪಾರದರ್ಶಕತೆ ಇಲ್ಲ. ಛಾವಣಿ, ಮರದ ತಲೆಯಂಥ ಮೇಲುಪದರಗಳಿಗೆ ಬರುವುದಿಲ್ಲ. ಭಾರ ಯಾಕೆ ಮುಖ್ಯ ಎಂದರೆ, ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ತಮ್ಮ ಕಂಪ್ಯೂಟರಿನಿಂದಲೇ ಫೌಂಡ್ರಿ ನಡೆಸುತ್ತಿದ್ದಾಗ ನಕ್ಷೆ ಅವರ ಇಂಟರ್‌ನೆಟ್ಟಿನ ಅಪ್‌ಲೋಡ್ ದಾರಿಯಲ್ಲೇ ಎಲ್ಲರಿಗೂ ಹೋಗಬೇಕು. 20 ಎಂಬಿ ನಕ್ಷೆ, ನಾಲ್ಕು ಆಟಗಾರರು, ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್: ಲೆಕ್ಕ ಹಾಕಿ, 128 ಸೆಕೆಂಡ್. ರಾಕ್ಷಸ ಬಾಗಿಲು ಒಡೆದು ಒಳನುಗ್ಗಿದ ಗಳಿಗೆಯಲ್ಲಿ ಎಲ್ಲರೂ ಎರಡು ನಿಮಿಷ ಖಾಲಿ ಪರದೆ ನೋಡುತ್ತಾರೆ. ಅದೇ ನಕ್ಷೆ 3 ಎಂಬಿ ಇದ್ದರೆ 20 ಸೆಕೆಂಡಿನೊಳಗೆ ಮುಗಿಯುತ್ತದೆ. ಫೌಂಡ್ರಿಯಲ್ಲಿ ದೃಶ್ಯದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಪ್ರೀಲೋಡ್ ಎಂಬ ಆಯ್ಕೆ ಸಿಗುತ್ತದೆ. ಆಟದ ನಡುವಿನ ವಿರಾಮದಲ್ಲಿ ಅದನ್ನು ಒತ್ತಿಬಿಡಿ, ನಕ್ಷೆ ಮೊದಲೇ ಎಲ್ಲರ ಬಳಿ ಹೋಗಿ ಕೂತಿರುತ್ತದೆ.

ಕಡತದ ಹೆಸರಿನಲ್ಲಿ ಖಾಲಿ ಜಾಗ ಬೇಡ, ದೊಡ್ಡಕ್ಷರ ಬೇಡ. ವಿಂಡೋಸ್‌ನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ. ಬಾಡಿಗೆ ಸರ್ವರ್ ಲಿನಕ್ಸ್ ಆಗಿದ್ದರೆ ಅವು ಬೇರೆ ಬೇರೆ ಕಡತ. ಅಲ್ಲಿಗೆ ಸಾಗಿಸಿದ ದಿನ ನಕ್ಷೆ ಕಾಣೆಯಾಗುವುದು ಹೀಗೆ.

ಈಗ ಉಪಕರಣಗಳಿಗೆ ಬರೋಣ. ಇವುಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ಸಾಲಾಗಿ ನಿಲ್ಲಿಸುವುದಕ್ಕಿಂತ ಯಾವುದು ಯಾವ ಕೆಲಸಕ್ಕೆ ಎಂದು ನೋಡುವುದು ಉಪಯುಕ್ತ. ಕೋಣೆ, ಕಟ್ಟಡ, ಗುಹೆಗಳ ಕಾಳಗದ ನಕ್ಷೆಗೆ ಡಂಜನ್‌ಡ್ರಾಫ್ಟ್ ಬಹಳ ಜನ ಹಿಡಿಯುವ ಸಾಧನ. ಕಂಪ್ಯೂಟರಿನಲ್ಲೇ ನಡೆಯುತ್ತದೆ, ಒಮ್ಮೆ ಕೊಂಡರೆ ಸಾಕು. ಅದೇ ತಯಾರಕರ ವಂಡರ್‌ಡ್ರಾಫ್ಟ್ ಇರುವುದು ದೇಶ, ಖಂಡದ ನಕ್ಷೆಗೆ. ಇಂಕಾರ್ನೇಟ್ ಬ್ರೌಸರಿನಲ್ಲಿ ಎರಡನ್ನೂ ಮಾಡುತ್ತದೆ. ಕಪ್ಪು ಬಿಳುಪು ಗೆರೆಗಳ ನಕ್ಷೆ ಹತ್ತೇ ನಿಮಿಷದಲ್ಲಿ ಬೇಕೆಂದರೆ ಬ್ರೌಸರಿನ ಡಂಜನ್ ಸ್ಕ್ರಾಲ್ ಹಿಡಿಯಿರಿ. ಡಂಜನ್ ಆಲ್ಕೆಮಿಸ್ಟ್ ಕೋಣೆಯ ಗಡಿ ಎಳೆದ ಕೂಡಲೇ ಪೀಠೋಪಕರಣ, ದೀಪ ಎಲ್ಲವನ್ನೂ ತಾನೇ ಜೋಡಿಸಿಕೊಡುತ್ತದೆ. 1990ರ ದಶಕದಿಂದ ಬಂದ ಕ್ಯಾಂಪೇನ್ ಕಾರ್ಟೋಗ್ರಾಫರ್ ಕಟ್ಟಡ ವಿನ್ಯಾಸದ ತಂತ್ರಾಂಶದ ಜಾತಿಯದು, ಕಲಿಯಲು ತಾಳ್ಮೆ ಬೇಕು, ನಿಖರತೆಯಲ್ಲಿ ಗಟ್ಟಿ. ಇಡೀ ಲೋಕವನ್ನು ಒಂದು ಕ್ಲಿಕ್ಕಿನಲ್ಲಿ ಹುಟ್ಟಿಸಲು ಅಜ್‌ಗಾರ್‌ನ ಉಚಿತ ಜನರೇಟರ್ ಇದೆ. ಗಡಿ, ನದಿ, ಊರುಗಳ ಸಮೇತ ಬರುತ್ತದೆ. ಯಾವುದನ್ನೂ ಕೊಳ್ಳಲಾಗದವರು ಜಿಂಪ್ ಅಥವಾ ಕ್ರಿಟಾ ತೆರೆದು, ಚೌಕ ಗುಣಿಸು ಪಿಕ್ಸೆಲ್ ಲೆಕ್ಕದ ಕ್ಯಾನ್ವಾಸ್ ಮಾಡಿ, ಗ್ರಿಡ್ ಅಂತರವನ್ನು 100ಕ್ಕೆ ಇಟ್ಟು, ಗ್ರಿಡ್ಡಿಗೆ ಅಂಟುವ ಆಯ್ಕೆ ಹಾಕಿಕೊಂಡರೆ ಅಷ್ಟೇ ನಿಖರವಾದ ನಕ್ಷೆ ಬರುತ್ತದೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.

ಡಂಜನ್‌ಡ್ರಾಫ್ಟ್‌ನಲ್ಲಿ ಕೆಲಸದ ಕ್ರಮ ಹೀಗಿರಲಿ. ಹೊಸ ನಕ್ಷೆ ತೆರೆಯುವಾಗ ಅದು ಕೇಳುವುದು ಚೌಕಗಳ ಸಂಖ್ಯೆಯನ್ನೇ, ಪಿಕ್ಸೆಲ್ ಪ್ರಶ್ನೆ ಬರುವುದು ಕೊನೆಗೆ ಹೊರತೆಗೆಯುವಾಗ. ಕಾಗದದಲ್ಲಿ ಬರೆದ ಕರಡು ಇದ್ದರೆ ಫೋಟೊ ತೆಗೆದು ಟ್ರೇಸ್ ಚಿತ್ರವಾಗಿ ಹಿಂದೆ ಇಟ್ಟುಕೊಳ್ಳಬಹುದು. ಮೊದಲು ನೆಲದ ಮೇಲ್ಮೈ, ಆಮೇಲೆ ಬಿಲ್ಡಿಂಗ್ ಟೂಲ್‌ನಿಂದ ಕೋಣೆಗಳು. ಇದು ನೆಲ ಮತ್ತು ಗೋಡೆ ಎರಡನ್ನೂ ಒಟ್ಟಿಗೆ ಹಾಕುತ್ತದೆ. ನಂತರ ಪೋರ್ಟಲ್ ಟೂಲ್‌ನಿಂದ ಬಾಗಿಲು, ಕಿಟಕಿ. ವಸ್ತುಗಳ ರಾಶಿಯಲ್ಲಿ ಬಾಗಿಲಿನ ಚಿತ್ರ ಸಿಕ್ಕಿತೆಂದು ಅದನ್ನೇ ಗೋಡೆ ಮೇಲೆ ಅಂಟಿಸುವ ತಪ್ಪು ತುಂಬ ಸಾಮಾನ್ಯ. ನೋಡಲು ಎರಡೂ ಒಂದೇ. ಆದರೆ ಪೋರ್ಟಲ್ ಹಾಕಿದಾಗ ಮಾತ್ರ ಗೋಡೆ ಕತ್ತರಿಸಿಕೊಂಡು ಅಲ್ಲಿ ಬಾಗಿಲು ಇದೆ ಎಂಬ ಮಾಹಿತಿ ದಾಖಲಾಗುತ್ತದೆ. ವಸ್ತುವಾಗಿ ಅಂಟಿಸಿದ ಬಾಗಿಲು ಬರಿಯ ಬಣ್ಣ. ಪೀಠೋಪಕರಣ, ಕಸಕಡ್ಡಿ ಕೊನೆಗೆ ಬರಲಿ. ಹೊರಗಿನಿಂದ ತಂದ ಚಿತ್ರವನ್ನು ವಸ್ತುವಾಗಿ ಸೇರಿಸುವುದಾದರೆ ಈ ತಂತ್ರಾಂಶದ ಒಳ ಅಳತೆ ಚೌಕಕ್ಕೆ 256 ಪಿಕ್ಸೆಲ್ ಎಂಬುದು ನೆನಪಿರಲಿ. 2 ಚೌಕದ ಮೇಜು 512 ಪಿಕ್ಸೆಲ್ ಇರಬೇಕು, ಇಲ್ಲದಿದ್ದರೆ ಪ್ರತಿ ಸಲ ಕಣ್ಣಳತೆಯಲ್ಲಿ ಹಿಗ್ಗಿಸಿ ಕುಗ್ಗಿಸುತ್ತ ಕೂರಬೇಕಾಗುತ್ತದೆ. ಬಿಡಿ ಚಿತ್ರಗಳ ಪ್ಯಾಕ್‌ಗಳಿಗೆ ತಮ್ಮದೇ ಪರವಾನಗಿ ಇರುತ್ತದೆ. ಸ್ವಂತ ಆಟಕ್ಕೆ ಸರಿಹೋಗುವ ಪ್ಯಾಕ್, ನಕ್ಷೆ ಮಾರಲು ಹೊರಟಾಗ ಸರಿಹೋಗದೆ ಇರಬಹುದು. ಆ ಸಾಲನ್ನು ಬಳಸುವ ಮೊದಲೇ ಓದಿ.

ಹೊರತೆಗೆಯುವಾಗ ಗ್ರಿಡ್ ಗೆರೆಯನ್ನು ತೆಗೆದುಹಾಕಿ. ಗ್ರಿಡ್ ಎಳೆಯುವುದು ವರ್ಚುವಲ್ ಟೇಬಲ್‌ಟಾಪ್‌ನ ಕೆಲಸ. ಚಿತ್ರದಲ್ಲೂ ಗೆರೆ, ಅದರ ಮೇಲೂ ಗೆರೆ ಇದ್ದರೆ ಅರ್ಧ ಪಿಕ್ಸೆಲ್ ಜಾರಿದರೂ ಎದ್ದು ಕಾಣುತ್ತದೆ. ಬೇರೆಯವರು ಮಾಡಿದ, ಗೆರೆ ಅಚ್ಚಾಗಿಬಿಟ್ಟ ನಕ್ಷೆ ಸಿಕ್ಕರೆ ಒಂದು ಚೌಕ ಅಳೆಯಬೇಡಿ. 20 ಚೌಕ ಎಣಿಸಿ, ಅಷ್ಟೂ ದೂರವನ್ನು ಪಿಕ್ಸೆಲ್ಲಿನಲ್ಲಿ ಅಳೆದು 20ರಿಂದ ಭಾಗಿಸಿ. ಒಂದೇ ಚೌಕ ಅಳೆದಾಗ ಆಗುವ ಒಂದು ಪಿಕ್ಸೆಲ್ ತಪ್ಪು ಇಪ್ಪತ್ತು ಪಟ್ಟು ಬೆಳೆಯುತ್ತದೆ. ಇಪ್ಪತ್ತನ್ನು ಒಟ್ಟಿಗೆ ಅಳೆದರೆ ಅದೇ ತಪ್ಪು ಇಪ್ಪತ್ತು ಪಾಲಾಗಿ ಹಂಚಿಹೋಗುತ್ತದೆ.

ಗೋಡೆಗಳ ಬಗ್ಗೆ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕು, ಯಾಕೆಂದರೆ ಆಟದ ರೋಮಾಂಚನ ಇರುವುದೇ ಇಲ್ಲಿ. ಪಾತ್ರ ಮೂಲೆ ತಿರುಗಿದಾಗ ಅದಕ್ಕೆ ಕಾಣಬೇಕಾದಷ್ಟೇ ಕಾಣುವುದು ಕಾಗದದಲ್ಲಿ ಸಾಧ್ಯವಿರಲಿಲ್ಲ. ಈ ನೋಟದ ಗೋಡೆ ಒಂದು ಗೆರೆ, ಅದಕ್ಕೆ ದಪ್ಪವಿಲ್ಲ. ಚಿತ್ರದ ಗೋಡೆಗೆ ದಪ್ಪವಿದೆ. ಗೆರೆಯನ್ನು ಕೋಣೆಯ ಒಳ ಅಂಚಿಗೆ ಎಳೆದರೆ ಆಟಗಾರರಿಗೆ ಗೋಡೆಯೇ ಕಾಣುವುದಿಲ್ಲ, ನೆಲ ಮುಗಿದಲ್ಲಿ ಕಪ್ಪು ಶುರು. ಗೋಡೆಯ ದಪ್ಪದ ನಡುವಿನಲ್ಲಿ ಎಳೆಯಿರಿ. ಎರಡೂ ಬದಿಯ ಕೋಣೆಗಳಿಗೆ ಅರ್ಧರ್ಧ ಗೋಡೆ ಕಾಣುತ್ತದೆ. ಕಂಬಗಳಿಗೆ ಅಂಚಿಗಿಂತ ಸ್ವಲ್ಪ ಒಳಗೆ ಮುಚ್ಚಿದ ಆಕಾರ ಹಾಕಿ. ಮರ, ಬಂಡೆಗಳಿಗೆ ಫೌಂಡ್ರಿಯಲ್ಲಿ ಟೆರೇನ್ ವಾಲ್ ಎಂಬ ಬೇರೆ ಬಗೆ ಇದೆ: ನೋಟ ಮೊದಲ ಗೆರೆಯನ್ನು ದಾಟಿ ಎರಡನೆಯದರಲ್ಲಿ ನಿಲ್ಲುತ್ತದೆ. ಹಾಗಾಗಿ ಬಂಡೆ ಪೂರ್ತಿ ಕಾಣುತ್ತದೆ, ಅದರ ಹಿಂದೆ ಅಡಗಿದವರು ಕಾಣುವುದಿಲ್ಲ.

ಬೆಳಕು ಸೋರುವುದು ಎಲ್ಲಕ್ಕಿಂತ ಕಾಡುವ ದೋಷ. ಎರಡು ಗೋಡೆಯ ತುದಿಗಳು ಕೂಡುವಂತೆ ಕಾಣುತ್ತವೆ, ಆದರೆ ನಡುವೆ ಎರಡು ಪಿಕ್ಸೆಲ್ ಬಿರುಕು. ಪಕ್ಕದ ಕೋಣೆಯ ಪಂಜಿನ ಬೆಳಕು ಅಲ್ಲಿಂದ ಸೂಜಿಯಂತೆ ತೂರಿಬಂದು ಗುಟ್ಟಿನ ಕೋಣೆಯನ್ನು ಬಯಲು ಮಾಡುತ್ತದೆ. ಫೌಂಡ್ರಿಯಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದು ಎಳೆದರೆ ಒಂದರ ತುದಿಯಿಂದಲೇ ಇನ್ನೊಂದು ಶುರುವಾಗುತ್ತದೆ, ಬಿರುಕಿಗೆ ಅವಕಾಶವಿಲ್ಲ. ಬಾಗಿಲಿನ ತುಂಡೂ ಎರಡು ಬದಿಯ ಗೋಡೆಯ ತುದಿಗೆ ನಿಖರವಾಗಿ ಮುಟ್ಟಬೇಕು. ಗುಹೆಗಳಲ್ಲಿ ಇದರ ತದ್ವಿರುದ್ಧ ಅತಿರೇಕ ನಡೆಯುತ್ತದೆ. ಅಂಕುಡೊಂಕಿನ ಪ್ರತಿಯೊಂದು ಉಬ್ಬಿಗೂ ಒಂದು ತುಂಡು ಎಳೆದು ಸಾವಿರಾರು ಗೋಡೆಗಳಾಗುತ್ತವೆ, ಟೋಕನ್ ಜರುಗಿದಾಗಲೆಲ್ಲ ಅಷ್ಟಕ್ಕೂ ನೋಟದ ಲೆಕ್ಕ ನಡೆದು ಆಟ ತಡವರಿಸುತ್ತದೆ. ಚೌಕಕ್ಕೆ ಒಂದು ತುಂಡು ಸಾಕು, ಕತ್ತಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ದೀಪದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಐದನೇ ಆವೃತ್ತಿಯ ನಿಯಮದಲ್ಲಿ ಪಂಜಿಗೆ 20 ಅಡಿ ಪ್ರಖರ ಬೆಳಕು, ಅದರಾಚೆ ಇನ್ನೂ 20 ಅಡಿ ಮಂದ ಬೆಳಕು. ಫೌಂಡ್ರಿ ಎರಡನ್ನೂ ನಡುಬಿಂದುವಿನಿಂದ ಅಳೆಯುತ್ತದೆ, ಹಾಗಾಗಿ ತುಂಬಬೇಕಾದದ್ದು 20 ಮತ್ತು 40. ಪುಸ್ತಕದಲ್ಲಿರುವಂತೆ 20, 20 ಎಂದು ತುಂಬಿದರೆ ಮಂದ ಬೆಳಕು ಮಾಯ. ಎರಡನೆಯದು, ಚಿತ್ರದಲ್ಲೇ ಕತ್ತಲೆ ಬಳಿದು ತರುವುದು. ನೆಲಮಾಳಿಗೆ ಎಂದು ಚಿತ್ರವನ್ನೇ ಕಡುಗಪ್ಪಾಗಿ ಮಾಡಿದ ಮೇಲೆ ವೇದಿಕೆ ತನ್ನ ಕತ್ತಲೆಯನ್ನೂ ಹಾಕುತ್ತದೆ, ಕೊನೆಗೆ ಏನೂ ಕಾಣುವುದಿಲ್ಲ. ನಕ್ಷೆಯನ್ನು ನಡುಮಧ್ಯಾಹ್ನದ ಬೆಳಕಿನಲ್ಲಿ ಮಾಡಿ, ಕತ್ತಲನ್ನು ಆಟದ ವೇದಿಕೆಗೆ ಬಿಡಿ.

ಇಷ್ಟೆಲ್ಲ ಗೋಡೆಯನ್ನು ಎರಡೆರಡು ಸಲ ಎಳೆಯಬೇಕೇ? ಬೇಡ. ಯೂನಿವರ್ಸಲ್ ವಿಟಿಟಿ ಎಂಬ ಕಡತ ಮಾದರಿ ಇದಕ್ಕಾಗಿಯೇ ಇದೆ. ಡಂಜನ್‌ಡ್ರಾಫ್ಟ್ ಇದನ್ನು ಡಿಡಿ2ವಿಟಿಟಿ ಎಂಬ ಬಾಲದೊಂದಿಗೆ ಹೊರತೆಗೆಯುತ್ತದೆ. ಒಳಗೆ ನೋಡಿದರೆ ಅದು ಸಾದಾ ಜೇಸನ್ ಪಠ್ಯ: ನಕ್ಷೆಯ ಗಾತ್ರ, ಚೌಕಕ್ಕೆ ಎಷ್ಟು ಪಿಕ್ಸೆಲ್, ನೋಟದ ಗೆರೆಗಳು, ಬಾಗಿಲುಗಳು, ದೀಪಗಳು, ಜತೆಗೆ ಚಿತ್ರ. ಚಿತ್ರವನ್ನು ಬೇಸ್64 ಅಕ್ಷರಗಳಾಗಿ ತುಂಬಿರುವುದರಿಂದ ಅದರ ಭಾಗ ಮೂರನೇ ಒಂದರಷ್ಟು ಹಿಗ್ಗಿರುತ್ತದೆ. ಇದರ ನಿಜವಾದ ಜಾಣ್ಮೆ ಎಂದರೆ ಗೋಡೆಗಳ ಸ್ಥಾನವನ್ನು ಪಿಕ್ಸೆಲ್ಲಿನಲ್ಲಿ ಬರೆಯದೆ ಚೌಕಗಳಲ್ಲಿ ಬರೆದಿರುವುದು. ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಚೌಕಕ್ಕೆ ಎಷ್ಟು ಪಿಕ್ಸೆಲ್ ಎಂಬ ಒಂದು ಸಂಖ್ಯೆ ತಿದ್ದಿದರೆ ಗೋಡೆಗಳು ತಮ್ಮ ಜಾಗದಲ್ಲೇ ಇರುತ್ತವೆ. ಆದರೆ ಹೊರತೆಗೆದ ಮೇಲೆ ಚಿತ್ರದ ಅಂಚು ಕತ್ತರಿಸಿದಿರೋ, ಎಲ್ಲ ಗೋಡೆಗಳೂ ಒಟ್ಟಿಗೆ ಜಾರುತ್ತವೆ. ಕತ್ತರಿಸುವುದಿದ್ದರೆ ಡಂಜನ್‌ಡ್ರಾಫ್ಟ್‌ನೊಳಗೇ ಕತ್ತರಿಸಿ ಮತ್ತೆ ಹೊರತೆಗೆಯಿರಿ. ಇನ್ನೊಂದು: ಹೊರತೆಗೆಯುವಾಗ ಬೆಳಕನ್ನೂ ಚಿತ್ರಕ್ಕೆ ಬೇಯಿಸಿಬಿಟ್ಟರೆ, ಅದೇ ದೀಪಗಳು ವೇದಿಕೆಯಲ್ಲೂ ಉರಿದು ಪಂಜಿನ ಸುತ್ತ ಬಿಳಿಚಿಕೊಂಡ ಮಚ್ಚೆ ಬೀಳುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆಮದಾದ ನಂತರ ಕಿಟಕಿಗಳನ್ನು ಒಂದೊಂದಾಗಿ ನೋಡಿ. ಬಾಗಿಲಾಗಿ ಬಂದಿದ್ದರೆ, ನಡೆ ತಡೆಯುವ ಆದರೆ ನೋಟ ಬಿಡುವ ಗೋಡೆಯಾಗಿ ಬದಲಿಸಿ.

ಕಾಳಗದ ನಕ್ಷೆಗೆ ಹೋಲಿಸಿದರೆ ಪಯಣದ ನಕ್ಷೆ ಸುಲಭ. ಅಲ್ಲಿ ಚೌಕದ ಬದಲು ಷಟ್ಕೋನ. ಎದುರು ಬದುರಿನ ಬದಿಗಳ ನಡುವೆ 6 ಮೈಲಿ ಇಡುವುದು ಹಳೆಯ ರೂಢಿ. ಆಗ ಮೂಲೆಯಿಂದ ಮೂಲೆಗೆ ಹೆಚ್ಚುಕಡಿಮೆ 7 ಮೈಲಿ, ವಿಸ್ತೀರ್ಣ ಸುಮಾರು 31 ಚದರ ಮೈಲಿ. ಷಟ್ಕೋನದ ಅಗಲ ಮತ್ತು ಎತ್ತರ ಸಮವಲ್ಲ, ಒಂದು ಇನ್ನೊಂದರ 0.866ರಷ್ಟು. ಚಿತ್ರವನ್ನು ಅಡ್ಡಕ್ಕೆ ಮಾತ್ರ ಎಳೆದು ಹೊಂದಿಸಲು ಹೋದರೆ ಉದ್ದಕ್ಕೆ ತಪ್ಪುತ್ತದೆ.

ಓದಲು ಬರುವ ನಕ್ಷೆ ಎಂಬ ವಿಷಯಕ್ಕೆ ಒಂದು ಪರೀಕ್ಷೆ ಸಾಕು. ಚಿತ್ರವನ್ನು ಕಾಲುಭಾಗಕ್ಕೆ ಕುಗ್ಗಿಸಿ, ಬಣ್ಣ ತೆಗೆದು ನೋಡಿ. ಎಲ್ಲಿ ನಡೆಯಬಹುದು, ಎಲ್ಲಿ ನಡೆಯಲಾಗದು ಎಂಬುದು ಆಗಲೂ ತಿಳಿಯಬೇಕು. ನೆಲದ ಬಣ್ಣ ಸಪ್ಪೆಯಾಗಿರಲಿ, ಉಜ್ವಲ ಬಣ್ಣಗಳನ್ನು ಟೋಕನ್‌ಗಳಿಗೆ ಬಿಟ್ಟುಕೊಡಿ. ನೆರಳುಗಳೆಲ್ಲ ಒಂದೇ ದಿಕ್ಕಿಗೆ ಬೀಳಲಿ. ಬೇರೆ ಬೇರೆ ಪ್ಯಾಕ್‌ಗಳ ಚಿತ್ರ ಬೆರೆಸಿದಾಗ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುವುದು ಹೆಚ್ಚಾಗಿ ಇದರಿಂದಲೇ.

ಕೋಣೆಯ ಹೆಸರು, ಬಲೆ, ಗುಪ್ತದ್ವಾರದ ಗುರುತು ಇರುವ ಪ್ರತಿ ಗೇಮ್ ಮಾಸ್ಟರ್‌ಗೆ ಮಾತ್ರ. ಆಟಗಾರರ ಪ್ರತಿಯಲ್ಲಿ ಇವು ಒಂದೂ ಬೇಡ. ಪಾತ್ರಗಳು ಇನ್ನೂ ನೋಡದ ಜಾಗವನ್ನು ಮುಚ್ಚಿಡುವ ಮಂಜಿನ ಪರದೆಯ (ಫಾಗ್) ಅಡಿಯಲ್ಲಿದ್ದರೂ ಪೂರ್ತಿ ಚಿತ್ರ ಆಟಗಾರರ ಬ್ರೌಸರಿಗೆ ಇಳಿದಿರುತ್ತದೆ. ಎರಡು ಮಹಡಿಯ ಕಟ್ಟಡವಾದರೆ ಎರಡೂ ಮಹಡಿಗೆ ಒಂದೇ ಗಾತ್ರದ ಕ್ಯಾನ್ವಾಸ್ ಇಡಿ, ಮೇಲಿನದು ಎಷ್ಟೇ ಚಿಕ್ಕದಿರಲಿ. ಆಗ ಮೆಟ್ಟಿಲು ಎರಡರಲ್ಲೂ ಅದೇ ಚೌಕದಲ್ಲಿ ಬರುತ್ತದೆ.

ಕೊನೆಯ ಕೆಲಸ ಆಟದ ಹಿಂದಿನ ದಿನದ್ದು. ಗೇಮ್ ಮಾಸ್ಟರ್ ಆಗಿ ನೋಡಿದಾಗ ಎಲ್ಲವೂ ಕಾಣುವುದರಿಂದ ದೋಷಗಳು ಕಾಣುವುದಿಲ್ಲ. ಬ್ರೌಸರಿನ ಖಾಸಗಿ ಕಿಟಕಿ ತೆರೆದು ಆಟಗಾರರಾಗಿ ಒಳಗೆ ಬನ್ನಿ. ಒಂದು ಟೋಕನ್ನಿಗೆ ಪಂಜು ಕೊಟ್ಟು ಪ್ರತಿ ಕೋಣೆಯ ನಾಲ್ಕೂ ಮೂಲೆಗೆ ನಡೆಸಿ. ಬೆಳಕು ಸೋರುವ ಮೂಲೆ, ತೆರೆಯದ ಬಾಗಿಲು, ದೂರದ ತುದಿಯಲ್ಲಿ ಜಾರಿದ ಗ್ರಿಡ್, ಅಳಿಸಲು ಮರೆತ ಗುರುತು, ನಾಲ್ಕೂ ಈ ನಡಿಗೆಯಲ್ಲಿ ಸಿಕ್ಕಿಬೀಳುತ್ತವೆ. ನಡಿಗೆ ಮುಗಿದ ಮೇಲೆ ಫಾಗ್ ರೀಸೆಟ್ ಮಾಡಿ. ಮರೆತರೆ, ನೀವು ಪರೀಕ್ಷೆಗೆ ನಡೆದ ಕೋಣೆಗಳೆಲ್ಲ ಮರುದಿನ ಆ ಟೋಕನ್ನಿನ ಆಟಗಾರರಿಗೆ ಮೊದಲೇ ತೆರೆದುಕೊಂಡಿರುತ್ತವೆ.